ಕೂಗದ ತಕ್ಕಡಿ

"ನಿಮ್ ತಾತ ತಕ್ಕಡಿ ತಗೋತಾರಂತೆ ಕಣೇ!" ಅತ್ತೆ ಫೋನಿನಲ್ಲೇ ಕಿರುಚಿದರು. "ನಿನ್ನನ್ನೇ ಕರ್ಕೊಂಡು ಹೋಗ್ಬೇಕಂತೆ. ಸೂರ್ಯ ಯಾವ ಕಡೆ ಹುಟ್ಟಿದಾನೋ ನೋಡು!"

ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ತಾತನದು ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ. ಹಳೆ ನಾಣ್ಯ ಕೊಂಡು ಮಾರುವ ಕಸುಬು. ನಾಣ್ಯವನ್ನು ಬೆರಳ ತುದಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ತೂಕ ನೋಡಿ, "ಖೋಟಾ" ಅಂದರೆ ಮುಗಿಯಿತು, ಅದಕ್ಕೆ ಎದುರು ಮಾತಿಲ್ಲ. ತಕ್ಕಡಿ ಇಟ್ಟುಕೊಂಡವರನ್ನು ಕಂಡರೆ, "ಪಾಪ, ಕಾಲಿದ್ದೂ ಊರುಗೋಲು" ಎಂದು ಆಡಿಕೊಳ್ಳುತ್ತಿದ್ದರು.

ಇಬ್ಬರೂ ಹೋದಾಗ ತಕ್ಕಡಿ ಅಂಗಡಿಯವನು ಮೊದಲು ಅಡುಗೆಮನೆಯದನ್ನು ಮುಂದಿಟ್ಟ. "ಅಗ್ಗ, ಗಟ್ಟಿಮುಟ್ಟು."

ತಾತ ತಲೆಯಾಡಿಸಿದರು. "ಇದಕ್ಕೆ ಗ್ರಾಂಗಿಂತ ಕಮ್ಮಿ ಲೆಕ್ಕ ಬರಲ್ಲ. ಆಲೂಗಡ್ಡೆಗೆ ಸರಿಹೋಯ್ತು. ನಮ್ ಕಡೆ ಅರ್ಧ ಗ್ರಾಂ ಕಮ್ಮಿ ಇದ್ರೆ ನಾಣ್ಯಾನೇ ಸುಳ್ಳು."

ಮುಂದಿನದು ಚಿನ್ನದಂಗಡಿಗಳದು, ರಾಣಿಯ ಹಾಗೆ ಗಾಜಿನ ಮನೆಯೊಳಗೆ ಕೂತಿತ್ತು. ಬೆಲೆ ಕೇಳಿ ತಾತ ಹಿಂದೆ ಸರಿದರು. "ಇದನ್ನ ಕೊಂಡ್ರೆ ತೂಗೋಕೆ ನಾಣ್ಯ ಉಳಿಯಲ್ಲಪ್ಪ."

ಮೂರನೆಯದು ಅಂಗೈಯಗಲದ್ದು. ಗ್ರಾಮಿನ ನೂರನೇ ಭಾಗವನ್ನೂ ತೋರಿಸುತ್ತಿತ್ತು. "ಫ್ಯಾನ್ ಆರಿಸಪ್ಪ, ಗಾಳಿಗೂ ಅಂಕಿ ಕುಣಿಯುತ್ತೆ," ಎಂದ ತಾತ, ತಾವು ತಂದಿದ್ದ ನಾಣ್ಯವೊಂದನ್ನು ತಟ್ಟೆಯ ನಡುವೆ, ಅಂಚಿನಲ್ಲಿ, ಮತ್ತೆ ನಡುವೆ ಇಡಿಸಿದರು. ಎಲ್ಲವನ್ನೂ ಮೊಮ್ಮಗಳ ಕೈಯಿಂದಲೇ. ಅಂಕಿ ಅಲ್ಲಾಡಲಿಲ್ಲ. ಬೆಲೆಯೂ ಕೈಗೆಟುಕುವಂತಿತ್ತು. ಆದರೂ ತಾತನ ಮುಖ ಸಪ್ಪಗೇ ಇತ್ತು. ಗುಂಡಿ ಒತ್ತಿದಾಗಲೆಲ್ಲ ಅದು ಕೀಂ ಎನ್ನುತ್ತಿತ್ತು.

"ಕೂಗದೆ ಇರೋದು ಇಲ್ವಾ?"

"ಯಜಮಾನ್ರೇ, ತಕ್ಕಡಿ ಕೊಳ್ತಿದೀರೋ, ಸೊಸೆ ಹುಡುಕ್ತಿದೀರೋ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ತಾತ ನಗಲಿಲ್ಲ. "ಗಲ್ಲಾ ಕೆಳಗೆ ಬಚ್ಚಿಟ್ಕೋಬೇಕಪ್ಪ. ಗಿರಾಕಿಗೆ ಕೇಳಿಸಬಾರದು."

ಅಂಗಡಿಯವನು ಬೇರೊಂದನ್ನು ತರಲು ಒಳಗೆ ಹೋದ. ತಾತ ತಟ್ಟೆಯ ಮೇಲಿದ್ದ ನಾಣ್ಯ ಎತ್ತಿಕೊಂಡು ಅವಳತ್ತ ತಿರುಗಿ, "ತಗೋ, ಜೋಪಾನ," ಎಂದು ಚಾಚಿದರು. ಎರಡು ಬೆರಳು ಏನನ್ನೋ ಹಿಡಿದಂತೆಯೇ ಇದ್ದವು. ನಾಣ್ಯ ಮಾತ್ರ ಕಾಲಬುಡದ ಚಾಪೆಯ ಮೇಲೆ ಬಿದ್ದಿತ್ತು. ತಾತನಿಗೆ ಅದು ಗೊತ್ತೇ ಆಗಿರಲಿಲ್ಲ.

ಅವಳು ನಾಣ್ಯವನ್ನೂ ಆ ಬೆರಳುಗಳನ್ನೂ ನೋಡಿದಳು. "ತಾತ... ಯಾವಾಗಿಂದ?"

ಅವರು ಖಾಲಿ ಬೆರಳುಗಳನ್ನು ನೋಡಿಕೊಂಡರು. "ಮೊದಲು ಎಡಗೈ ಹೋಯ್ತು. ಈಗ ಇದೂನೂ. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ, ಆಮೇಲೆ ಬೊಬ್ಬೆ ನೋಡಿ ತಿಳ್ಕೋತೀನಿ. ನಿಮ್ಮತ್ತೆಗೆ ಹೇಳ್ಬೇಡ ಕಂದ. ಜನ ಬರೋದೇ ಈ ಕೈ ನಂಬಿ. ಕೈಯೇ ಸತ್ತೋಯ್ತು ಅಂದ್ರೆ ಯಾರು ಬರ್ತಾರೆ?"

ಅವಳು ನಾಣ್ಯ ಹೆಕ್ಕಿ ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ತಾತ ಮುಷ್ಟಿಯನ್ನು ಮತ್ತೆ ತುಸು ಬಿಡಿಸಿ, ಅದು ಒಳಗಿದೆಯೇ ಎಂದು ಇಣುಕಿ ನೋಡಿದರು.

ಸದ್ದು ಆರಿಸಬಹುದಾದ ತಕ್ಕಡಿ ಸಿಕ್ಕಿತು. ರಸ್ತೆಗಿಳಿದ ಮೇಲೆ ಅವಳು ಒಂದು ಫೋನು ಮಾಡಿ ಬಂದಳು.

"ನಾಳೆ ಬೆಳಿಗ್ಗೆ ಹತ್ತೂವರೆಗೆ ನರದ ಡಾಕ್ಟ್ರು ಸಿಗ್ತಾರೆ."

"ಹೋಗಿದ್ದು ವಾಪಸ್ ಬರಲ್ಲ ಅಂದ್ಬಿಟ್ರೆ?"

"ಜೊತೆಗೆ ಕೂತು ಕೇಳೋಣ. ನಾನಿರ್ತೀನಿ."

ತಾತ ತಕ್ಕಡಿಯ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡರು. "ಅಂಗಡಿ ಬಾಗಿಲಿಗೆ, ಮದುವೆಗೆ ಹೋಗಿದಾರೆ ಅಂತ ಚೀಟಿ ಅಂಟಿಸ್ಬಿಡು."

"ಯಾರ ಮದುವೆ ಅಂದ್ರೆ?"

"ನಿಂದೇ ಅನ್ನು, ಕೋತಿ. ಹತ್ತಕ್ಕೆ ಬಾ. ತಡ ಮಾಡ್ಬೇಡ, ಮನಸ್ಸು ಬದಲಾಯಿಸ್ಬಿಡ್ತೀನಿ."