ಪ್ರಸ್ಥಾನದ ಚೀಲ

ಎಪ್ಪತ್ತೇಳನೆಯ ಇಸವಿ. ಊರು ಬಿಟ್ಟು ಪರದೇಶಕ್ಕೆ, ಕ್ವೀನ್ಸಿನ ಏಳನೆಯ ಮಹಡಿಯ ತಮ್ಮನ ಮನೆಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಬಾಗಿಲಿಗೆ ಮೂರು ಬೀಗ, ಮೇಲೊಂದು ಸರಪಳಿ. ಇಂಗ್ಲಿಷ್ ಬಾರದು, ಕಾರು ಬಿಡಲು ಬಾರದು. ತಮ್ಮ ದಿವಾಕರ, ಅವನ ಹೆಂಡತಿ ಉಷಾ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಕಿಟಕಿಯಲ್ಲಿ ಎದುರು ಕಟ್ಟಡದ ಇಟ್ಟಿಗೆಗಳೇ.

ದಿವಾಕರ ಕಲ್ಲು, ಮಣ್ಣು, ಹಿಮ ಓದಿದವನು. ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ಹುವಾಸ್ಕರಾನ್ ಎಂಬ ನ್ಯಾಷನಲ್ ಪಾರ್ಕು. ಅಲ್ಲಿನ ಹಿಮನದಿಗಳನ್ನು ಅಳೆಯಲು ಜೂನಿನಲ್ಲಿ ಹೊರಡುವವನಿದ್ದ. ಊಟದ ಮೇಜಿನ ಮೇಲೆ ನಕ್ಷೆ ಹರಡಿದಾಗ ನಾನು ಒಂದು ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟೆ.

"ಅದು ಕೆರೆ ಅಕ್ಕ. ಹನ್ನೆರಡೂವರೆ ಸಾವಿರ ಅಡಿ ಮೇಲೆ."

"ನಾನೂ ಬರ್ಲೇನೋ?"

ಉಷಾ ನಕ್ಕಳು. "ಅತ್ತಿಗೆ, ಅಲ್ಲಿ ಉಸಿರಿಗೂ ರೇಷನ್ನು!"

ದಿವಾಕರ ನಗಲಿಲ್ಲ. "ಡಾಕ್ಟರು ಓಕೆ ಅಂದ್ರೆ ಕರ್ಕೊಂಡು ಹೋಗ್ತೀನಿ. ಈ ಸಲ ಬಿಟ್ರೆ ಮತ್ತೆ ಗ್ರಾಂಟ್ ಸಿಗೋದು ಡೌಟು."

ಅಂದಿನಿಂದ ದಿನವೂ ಲಿಫ್ಟಿನಲ್ಲಿ ಇಳಿದು ಮೆಟ್ಟಿಲು ಹತ್ತಿದೆ. ಮೊದಲ ದಿನ ಮೂರನೆಯ ಮಹಡಿಗೇ ಎದೆ ಹೊಡೆದುಕೊಂಡಿತು. ಮೇ ಕೊನೆಗೆ ನಿಲ್ಲದೆ ಏಳೂ ಹತ್ತಿದೆ. ಡಾಕ್ಟರು ಎದೆ ನೋಡಿ ತಲೆಯಾಡಿಸಿದರು. ಪಾಸ್‌ಪೋರ್ಟಿಗೆ ವೀಸಾ ಬಿತ್ತು.

ಹೊರಡುವುದು ಗುರುವಾರ ಬಂತು. ಗುರುವಾರ ದಕ್ಷಿಣಕ್ಕೆ ಹೊರಡಬಾರದು. ಅದಕ್ಕೆ ನಮ್ಮಲ್ಲಿ ಪ್ರಸ್ಥಾನ ಇಡುತ್ತಾರೆ: ಹಿಂದಿನ ಒಳ್ಳೆಯ ದಿನ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ; ಹೊರಡುವಾಗ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗುವುದು. ಬುಧವಾರ ಸಂಜೆ ಎರಡು ಬೀದಿ ಆಚೆ ಇದ್ದ, ನಮ್ಮ ಕಡೆಯವಳೇ ಆದ ಕೌಸಲ್ಯಾಳ ಕೈಗೆ ಚೀಲ ಕೊಟ್ಟು ಬಂದೆ. ಅಕ್ಕಿ, ಅಡಿಕೆ, ಒಂದು ರವಿಕೆ ಕಣ ಸಾಕಾಗಿತ್ತು. ನಾನು ಪಾಸ್‌ಪೋರ್ಟನ್ನೂ ಅದರೊಳಗಿಟ್ಟಿದ್ದೆ. ನನ್ನನ್ನು ಇಲ್ಲಿಂದ ಹೊರಗೆ ಒಯ್ಯುವ ವಸ್ತು ಅದೊಂದೇ. ಅದು ಹೊಸ್ತಿಲು ದಾಟಿದರೆ ನಾನೂ ದಾಟಿದ ಹಾಗೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಉಷಾ ನಗುತ್ತಾಳೆ.

ಗುರುವಾರ ಮಧ್ಯಾಹ್ನ ಕಾರು ಕೌಸಲ್ಯಾಳ ಮನೆ ಮುಂದೆ ನಿಂತಿತು. ಬಾಗಿಲಿಗೆ ಬೀಗ. ಪಿಟ್ಸ್‌ಬರ್ಗ್ ದೇವಸ್ಥಾನಕ್ಕೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ ಎಂದು ಪಕ್ಕದ ಮನೆಯವರು ದಿವಾಕರನಿಗೆ ಹೇಳಿದರು.

"ಚೀಲ ತಾನೇ ಅಕ್ಕ, ಇರ್ಲಿ ಬಿಡು. ಟೈಮಾಯ್ತು."

"ಪಾಸ್‌ಪೋರ್ಟು ಅದರಲ್ಲಿದೆ ಕಣೋ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಇಳಿದು ಹೋಗಿ ಆ ಮನೆಯ ಒಂದೊಂದು ಕಿಟಕಿಯನ್ನೂ ತಳ್ಳಿ ನೋಡಿ ಬಂದ. ನಾಲ್ಕು ಗಂಟೆಗೆ ನನ್ನನ್ನೂ ನನ್ನ ಪೆಟ್ಟಿಗೆಯನ್ನೂ ನಮ್ಮ ಕಟ್ಟಡದ ಬಾಗಿಲಲ್ಲಿ ಇಳಿಸಿ ಒಬ್ಬನೇ ಏರ್‌ಪೋರ್ಟಿಗೆ ಹೋದ.

ಭಾನುವಾರ ಕೌಸಲ್ಯಾ ಫೋನಿನಲ್ಲಿ ಅತ್ತಳು. "ನೀವು ಊರಿಂದ ವಾಪಸ್ ಬರೋವರೆಗೂ ಚೀಲ ನಮ್ಮನೇಲೇ ಇರುತ್ತೆ ಅಂದ್ಕೊಂಡೆ ಸುಂದರಮ್ಮನೋರೆ. ನಮ್ಮತ್ತೆ ಮನೇಲಿ ಹಾಗೇನೇ. ಈಗ್ಲೇ ತಂದ್ಕೊಡ್ತೀನಿ."

"ತರಬೇಡಮ್ಮ. ಹೊರಟ ಚೀಲ ಪ್ರಯಾಣ ಮಾಡದೆ ಮನೆಗೆ ಬರಬಾರದು. ಅಲ್ಲೇ ಇರ್ಲಿ."

"ಎಷ್ಟು ದಿನ?"

ಗೊತ್ತಿಲ್ಲ ಎಂದೆ. ಫೋನಿಟ್ಟು, ಸರಪಳಿ ತೆಗೆದು, ಕೆಳಗಿಳಿದು, ಮತ್ತೆ ಮೆಟ್ಟಿಲು ಹತ್ತಲು ಶುರುಮಾಡಿದೆ. ನಿಲ್ಲದೆ ಏಳೂ ಹತ್ತುತ್ತಿದ್ದವಳಿಗೆ ನಾಲ್ಕನೆಯ ಮಹಡಿಯಲ್ಲೇ ಎದೆ ಹಿಡಿಯಿತು. ಸುತ್ತ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಕಂಬಿ ಹಿಡಿದು, ಉಸಿರು ಬರುವವರೆಗೆ ಅಲ್ಲೇ ನಿಂತೆ.