ದೊಡ್ಡಪ್ಪ ಹಿಡಿದ ಸಿಗ್ನಲ್

ಒಸಿ ನಿಲ್ಲಿ, ಇದನ್ನು ಪೂರ್ತಿ ಕೇಳಿಕೊಂಡು ಹೋಗಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾನು ಕೃಷಿ ಕಾಲೇಜಿನಿಂದ ರಜೆಗೆಂದು ಬೈರಮಂಗಲಕ್ಕೆ ಬಂದಾಗ, ದೊಡ್ಡಪ್ಪ ಕೆಂಪಯ್ಯನ ಗದ್ದೆಯಲ್ಲಿ ಭತ್ತದ ಗರಿಗಳು ತುದಿಯಿಂದ ಹಳದಿಯಾಗಿ ಒಣಗುತ್ತಿದ್ದವು. ಪುಸ್ತಕದ ಚಿತ್ರವೇ ಎದ್ದು ಬಂದಂತಿತ್ತು.

"ದೊಡ್ಡಪ್ಪ, ಇದು ಬ್ಯಾಕ್ಟೀರಿಯಾ ರೋಗ!"

"ಕೆರೆ ನೀರು ಕಣವ್ವ. ಕಾರ್ಖಾನೆ ನೊರೆ ಬತ್ತಾ ಐತಲ್ಲ."

"ಅದೇ ನೀರು ಕೆಳಗಿನ ಚಲುವಯ್ಯಣ್ಣನ ಗದ್ದೆಗೂ ಓಯ್ತದೆ, ಅಲ್ಲಿ ಹಸ್ರಾಗೈತೆ. ನೀನು ನಾಟಿ ಮಾಡ್ವಾಗ ಪೈರಿನ ತುದಿ ಕುಯ್ದೆ. ಆ ಗಾಯದಾಗೇ ರೋಗ ಒಳಕ್ಕೋಗಿರೋದು."

"ನಮ್ಮಪ್ಪನೂ ಕುಯ್ತಿದ್ದ. ಆಗೆಲ್ಲಿತ್ತು ನಿನ್ ರೋಗ?"

ಸರಿ, ಮೂಲದಿಂದಲೇ ವಿವರಿಸೋಣ ಎಂದುಕೊಂಡೆ. "ಒಂದೆರಡು ಇದ್ದಾಗ ಈ ಬ್ಯಾಕ್ಟೀರಿಯಾ ತೆಪ್ಪಗಿರ್ತವೆ. ಒಂದಕ್ಕೊಂದು ಸಿಗ್ನಲ್ ಕೊಟ್ಕೊತಾ ಇರ್ತವೆ. ಸಿಗ್ನಲ್ ಜೋರಾದ್ರೆ, ಗುಂಪು ದೊಡ್ಡದಾಯ್ತು ಅಂತ ಗೊತ್ತಾಯ್ತದೆ. ಆಗ ಎಲ್ಲಾ ಒಟ್ಗೇ ಗರಿ ಮೇಲೆ ಬೀಳ್ತವೆ."

ಇಷ್ಟೆಲ್ಲದರಲ್ಲಿ ದೊಡ್ಡಪ್ಪ ಹಿಡಿದುಕೊಂಡದ್ದು ಒಂದೇ ಪದ.

"ಏನಂದೆ? ಸಿಗ್ನಲ್ಲಾ?"

ಅವನ ಕಣ್ಣು ನಿಧಾನಕ್ಕೆ ಮೇಲೆದ್ದಿತು. ನಮ್ಮ ಗದ್ದೆಯ ಕೆಳಗೇ ಚಲುವಯ್ಯನ ಗದ್ದೆ. ಅದರ ಮೂಲೆಯಲ್ಲಿ ಮೊಬೈಲ್ ಟವರ್. ಪಕ್ಕದ ಬಿಡದಿ ಸುತ್ತ ಕಾರ್ಖಾನೆಗಳ ಜೊತೆ ಟವರುಗಳೂ ಏಳುತ್ತಿದ್ದ ಕಾಲ. ತಿಂಗಳು ತಿಂಗಳು ಬಾಡಿಗೆ ತರುವ ಅದು ತನ್ನ ಜಮೀನಿಗೆ ಬರಲಿಲ್ಲ ಎಂಬ ಉರಿ ದೊಡ್ಡಪ್ಪನಿಗೆ ಇದ್ದೇ ಇತ್ತು.

"ಅಯ್ಯೋ, ಆ ಸಿಗ್ನಲ್ ಅಲ್ಲ! ಇದು ವಾಸ್ನೆ ಇದ್ದಂಗೆ, ಒಂಥರಾ ರಸ!"

"ರಸನೋ ಸಾರೋ. ಸಿಗ್ನಲ್ ಅಂದೋಳು ನೀನೇ."

"ಟವರ್ ಬುಡದಲ್ಲಿರೋ ಪೈರೇ ಚೆನ್ನಾಗೈತಲ್ಲ?"

"ದೀಪದ ಬುಡ್ದಾಗೆ ಕತ್ಲೆ ಕಣವ್ವ. ಸಿಗ್ನಲ್ಲು ಬೀಳೋದು ದೂರಕ್ಕೆ."

ಇದಕ್ಕೆ ಯಾವ ಪ್ರೊಫೆಸರ್ ಉತ್ತರ ಕೊಡುತ್ತಾರೆ, ಹೇಳಿ!

ಮರುದಿನ ಬೆಳಿಗ್ಗೆ ದೊಡ್ಡಪ್ಪ ಹಳದಿಗೆ ಮದ್ದೆಂದು ಯೂರಿಯಾ ಮೂಟೆ ಹೊತ್ತು ತಂದ. ಯೂರಿಯಾ ಹಾಕಿದರೆ ಈ ರೋಗ ಹೆಚ್ಚುತ್ತದೆ. ಬದುವಿನ ಕಂಡಿಯಿಂದ ನಮ್ಮ ರೋಗದ ನೀರು ಚಲುವಯ್ಯನ ಗದ್ದೆಗೆ ಹರಿಯಲು ಶುರುವಾಗಿತ್ತು. ಅಷ್ಟರಲ್ಲಿ ಅವನೇ ಬಂದ.

"ಏನ್ ಕೆಂಪಣ್ಣ, ನನ್ ಟವರ್ರು ನಿನ್ ಭತ್ತ ಮೇಯ್ತಾ ಐತಂತೆ? ಊರೆಲ್ಲಾ ಏಳ್ಕೊಂಡ್ ಬಂದಿದ್ದೀಯ!"

"ನಾನಲ್ಲ ಕಣ್ಲಾ, ಓದಿರೋ ಹುಡ್ಗಿ ಏಳಿದ್ದು!"

"ಚಲುವಯ್ಯಣ್ಣ, ಮೊದ್ಲು ಆ ಕಂಡಿ ಮುಚ್ಚಬೇಕು" ಎಂದೆ. ಅವನು ಮಣ್ಣು ಎಳೆಯಲು ಬಗ್ಗಿದ. ದೊಡ್ಡಪ್ಪ ಗುದ್ದಲಿ ಅಡ್ಡ ಹಿಡಿದ.

"ನನ್ ಬದು ಮುಟ್ಟಿದ್ರೆ ನೋಡು!"

ಮೋಡ ಕವಿಯುತ್ತಿತ್ತು. ಮಳೆ ಸುರಿದು ಕಂಡಿಯಲ್ಲಿ ನೀರು ನುಗ್ಗಿದರೆ ಎರಡೂ ಗದ್ದೆ ಹೋದಂತೆಯೇ. ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದು ಬೇಡಿಕೊಂಡೆ.

"ಆಯ್ತು. ಸಿಗ್ನಲ್ಲಿಂದ್ಲೇ ಅಂತ ಇವನ ಎದ್ರಿಗೆ ಒಂದ್ ಮಾತು ಏಳ್ಬುಡು. ಕಂಡಿ ಈಗ್ಲೇ ಮುಚ್ತೀನಿ, ಯೂರಿಯಾನೂ ವಾಪಸ್ ಮನೆಗೆ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಯಾಕೆಂದರೆ ಆ ಮಾತು ಸುಳ್ಳೇ ಅಲ್ಲ!

"ಸಿಗ್ನಲ್ಲಿಂದ್ಲೇ, ಚಲುವಯ್ಯಣ್ಣ" ಎಂದೆ.

ದೊಡ್ಡಪ್ಪ ಮೀಸೆಯಲ್ಲೇ ನಕ್ಕು ಕಂಡಿ ಮುಚ್ಚಿದ. ಚಲುವಯ್ಯ ನನ್ನನ್ನು ಒಮ್ಮೆ ನೋಡಿ ಹೊರಟುಹೋದ. ಅವನ ಭತ್ತ ಉಳಿಯಿತು. ನಮ್ಮದೂ ಅರ್ಧ ಉಳಿಯಿತು. ಅವನು ಮಾತ್ರ ಇವತ್ತಿಗೂ ನನ್ನ ಮುಖ ಕಂಡರೆ ದಾರಿ ಬದಲಿಸುತ್ತಾನೆ.

ಈಗ ಹೇಳಿ, ನೀವಾಗಿದ್ದರೆ ಆ ಬದುವಿನ ಮೇಲೆ ನಿಂತು ಏನು ಹೇಳುತ್ತಿದ್ದಿರಿ?