ಸ್ಕ್ರೂ ಹಾಕಿದ ಕುದುರೆ

ಶ್ರೀಹರಿರಾಯರಿಗೆ ಅಂದಾಜು ಎಂಬ ಮಾತೇ ಆಗಿಬರುತ್ತಿರಲಿಲ್ಲ. ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಆಯುಷ್ಯ ಸವೆಸಿದ ಮನುಷ್ಯ. ದೋಸೆ ಒಂದು ಕಡೆ ದಪ್ಪವಾದರೂ ಹುಬ್ಬು ಗಂಟಿಕ್ಕುವರು. ಅಂಥವರ ಜೊತೆ ಸಂಸಾರ ಮಾಡುವುದೆಂದರೆ ದಿನವೂ ಪರೀಕ್ಷೆ ಬರೆದ ಹಾಗೆ. ಹೆಂಡತಿ ಸೀತಾಲಕ್ಷ್ಮಿ ತುಟಿ ಪಿಟಕ್ಕೆನ್ನದೆ ಬರೆದರು, ಪಾಸೂ ಆದರು. ಇಡೀ ಸ್ಟಾಫ್ ಕಾಲೊನಿ ಆಕೆಯನ್ನು ಬಲು ತಾಳ್ಮೆಯ ಹೆಂಗಸು ಎಂದು ಹೊಗಳುತ್ತಿತ್ತು. ತಾಳ್ಮೆಯನ್ನು ಹೊಗಳುವವರಿಗೆ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂದು ಗೊತ್ತಿರುವುದಿಲ್ಲ.

ಒಬ್ಬಳೇ ಮಗಳು ಸಂಹಿತಾ. ಚಿಕ್ಕಂದಿನಲ್ಲೇ ಮ್ಯಾಂಡೊಲಿನ್ ಹಿಡಿದವಳು. ಹದಿನಾರಕ್ಕೆ ಬರುವಷ್ಟರಲ್ಲಿ ಹಲಸೂರಿನ ಸಂಗೀತದ ಮೇಷ್ಟ್ರು ತಮ್ಮ ಕಚೇರಿಗಳಲ್ಲಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳತೊಡಗಿದ್ದರು. ಬರುವ ಬೇಸಿಗೆಯಲ್ಲಿ ರೇಡಿಯೋ ಆಡಿಷನ್‌ಗೆ ಕಳಿಸುತ್ತೇನೆ, ಪಾಸಾದರೆ ಹುಡುಗಿಯ ದಾರಿ ಅವಳದು ಎಂದೂ ಹೇಳಿದ್ದರು. ಅವಳಿಗೆ ಕನಸಿನಲ್ಲೂ ಅದೇ. ಇದು ತೊಂಬತ್ತೈದರ ಮಾತು.

ಅವಳ ವಾದ್ಯ ಶಿವಾಜಿನಗರದ ಜಿಯಾವುಲ್ಲಾ ಕಟ್ಟಿದ್ದು. ಸಂದಿಯೊಳಗಿನ ಅವನ ಅಂಗಡಿಯಲ್ಲಿ ಮ್ಯಾಂಡೊಲಿನ್, ಬ್ಯಾಂಜೊ, ಮುರಿದ ಗಿಟಾರುಗಳು ನೇತಾಡುತ್ತಿದ್ದವು. ನಾಳೆ ಬನ್ನಿ ಎಂದರೆ ಹದಿನೈದು ದಿನ. ಬಾಯಿ ಬೇರೆ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ತಂತಿ ಬದಲಾಯಿಸಲು ಮಗಳ ಜೊತೆ ಹೋದ ರಾಯರು ಅಲ್ಲಿ ಕಂಡದ್ದನ್ನು ನೋಡಿ ದಂಗಾದರು. ತಂತಿಗಳು ಹಾದುಹೋಗುವ ಸಣ್ಣ ಮರದ ಕಟ್ಟೆ ಇರುತ್ತದಲ್ಲ, ಅದನ್ನು ಕುದುರೆ ಎನ್ನುತ್ತಾರೆ. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಯ ಬಿಗಿಗೆ ಸುಮ್ಮನೆ ನಿಂತಿದೆ. ಜಿಯಾವುಲ್ಲಾ ಅದನ್ನು ಹೆಬ್ಬೆರಳಿನಿಂದ ಚೂರು ತಳ್ಳಿ, ಮೀಟಿ, ಕಿವಿಗೊಟ್ಟು, ಮತ್ತೆ ತಳ್ಳುತ್ತಿದ್ದ. ಅಳತೆಪಟ್ಟಿ ಮುಟ್ಟಲೇ ಇಲ್ಲ. ಬಸ್ಸಿನಲ್ಲಿ ಮನೆ ಸೇರುವವರೆಗೂ ರಾಯರದು ಒಂದೇ ವರಾತ. ಅಲ್ಲಾಡುವ ಪಾರ್ಟು ಇಟ್ಟುಕೊಂಡು ಅದನ್ನು ವಾದ್ಯ ಅಂತ ಮಾರುತ್ತಾನಲ್ಲ ಆ ಮನುಷ್ಯ!

ಆಗ ಕಾರ್ಖಾನೆಯಲ್ಲಿ ಟೂಲ್‌ರೂಮ್ ಮುಚ್ಚುವ ಸುದ್ದಿ ಹಬ್ಬಿತ್ತು. ಸ್ವಯಂನಿವೃತ್ತಿಯ ಪಟ್ಟಿಯಲ್ಲಿ ರಾಯರ ಹೆಸರೂ ಇದೆಯೆಂದು ಕ್ಯಾಂಟೀನಿನಲ್ಲಿ ಗುಸುಗುಸು. ಕೈಗೆ ಕೆಲಸವಿಲ್ಲದೆ ಸಂಕಟಪಡುತ್ತಿದ್ದ ಮನುಷ್ಯನಿಗೆ ಮ್ಯಾಂಡೊಲಿನ್ ಸಿಕ್ಕಿಬಿಟ್ಟಿತು. ನಕ್ಷೆ ಬರೆದರು, ಲೆಕ್ಕ ಹಾಕಿದರು, ಹಲಸಿನ ಹಲಗೆ ತಂದರು. ಸ್ವರಕ್ಕಾಗಿ ಬೆರಳೊತ್ತುವ ಒಂದೊಂದು ಮೆಟ್ಟಿಲನ್ನೂ ಕೂದಲೆಳೆಯಷ್ಟು ತಪ್ಪದೆ ಕೂರಿಸಿದರು. ತಂತಿ ಬಿಗಿಯುವ ಬಿರಡೆಗಳನ್ನೂ ದನಿ ಹಿಡಿಯುವ ಮೈಕನ್ನೂ ಹಳೆಯ ವಾದ್ಯದಿಂದಲೇ ಕಿತ್ತು ಇದಕ್ಕೆ ಹಾಕಿದರು. ಹಳೆಯದು ಬರೀ ಬುರುಡೆಯಾಗಿ ಅಟ್ಟ ಸೇರಿತು. ಕುದುರೆಯನ್ನು ಮಾತ್ರ ಸ್ಟೀಲಿನಲ್ಲಿ ಕಡೆದು, ಲೆಕ್ಕ ಹೇಳಿದ ಜಾಗದಲ್ಲೇ ಇಟ್ಟು, ಎರಡು ಸ್ಕ್ರೂ ಹಾಕಿ ಬಿಗಿದುಬಿಟ್ಟರು.

ಆಯುಧಪೂಜೆಯ ದಿನ ಟೂಲ್‌ರೂಮಿನಲ್ಲಿ ಲೇತುಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ, ದೇವರ ಪಟದ ಮುಂದೆ ಆ ಮ್ಯಾಂಡೊಲಿನ್ನಿಗೂ ಹಾರ ಬಿತ್ತು. ಜನರಲ್ ಮ್ಯಾನೇಜರು ಅದನ್ನು ಎತ್ತಿ ನೋಡಿ, ಇಂಥ ಕೈಗಳೇ ನಮ್ಮ ಕಾರ್ಖಾನೆಯ ಆಸ್ತಿ ಎಂದರು. ಮಾತಿಗೇನು, ಪಟ್ಟಿಗೆ ರುಜು ಹಾಕುವವರೂ ಅವರೇ. ಆದರೆ ರಾಯರು ಅಂದು ಮನೆಗೆ ಬಂದ ನಡಿಗೆಯೇ ಬೇರೆಯಾಗಿತ್ತು. ಸೀತಾಲಕ್ಷ್ಮಿ ಬಚ್ಚಲಲ್ಲಿ ನಿಂತು ಕಣ್ಣೊರೆಸಿಕೊಂಡರು.

ನುಡಿಸತೊಡಗಿದ ಮೊದಲ ವಾರವೇ ಸಂಹಿತಾ ಮುಖ ಸಣ್ಣ ಮಾಡಿದಳು. ಕೆಳಗಿನ ಸ್ವರಗಳೇನೋ ಸರಿ. ಮೇಲೆ ಹೋದಂತೆಲ್ಲ ಒಂದೊಂದೂ ಶ್ರುತಿ ಮೀರಿ ಏರುತ್ತಿತ್ತು. ತಂಬೂರಿಯ ಜೊತೆ ಮೇಲಿನ ಷಡ್ಜ ಹಿಡಿದರೆ ಕಿವಿಗೆ ಮರಳು ತಾಗಿದ ಹಾಗೆ. ಅಪ್ಪನಿಗೆ ಹೇಳಿದಳು. ರಾಯರು ವರ್ನಿಯರ್ ತಂದು ಅಳೆದರು. ತಂತಿಯ ಸರಿಯಾದ ಅರ್ಧಕ್ಕೆ ಮೆಟ್ಟಿಲು ಇದೆ.

“ಅಳತೆ ಸುಳ್ಳು ಹೇಳಲ್ಲ ಕಣಮ್ಮ. ನಿನ್ನ ಬೆರಳು ಸರಿ ಮಾಡ್ಕೋ” ಎಂದರು.

ಆಡಿಷನ್ನಿಗೆ ಇನ್ನು ಮೂರು ವಾರ ಎನ್ನುವಾಗ, ರಾಯರು ಕೆಲಸಕ್ಕೆ ಹೋದ ಹೊತ್ತು ನೋಡಿ ತಾಯಿ ಮಗಳು ವಾದ್ಯವನ್ನು ಸೀರೆಯಲ್ಲಿ ಸುತ್ತಿಕೊಂಡು ಶಿವಾಜಿನಗರಕ್ಕೆ ಹೋದರು. ಜಿಯಾವುಲ್ಲಾ ತಿರುಗಿಸಿ ಮುರುಗಿಸಿ ನೋಡಿದ. ತಂತಿಯ ನಡುವೆ ಬೆರಳನ್ನು ಸುಮ್ಮನೆ ಸೋಕಿಸಿ ಒಮ್ಮೆ ಮೀಟಿದ. ಅಲ್ಲೇ ಮೆಟ್ಟಿಲಿಗೆ ಒತ್ತಿ ಇನ್ನೊಮ್ಮೆ ಮೀಟಿದ. ಎರಡೂ ಒಂದೇ ಸ್ವರವಾಗಬೇಕಿತ್ತು. ಒತ್ತಿದ್ದು ಮೇಲಿತ್ತು. ಒತ್ತಿದಾಗ ತಂತಿ ಹಿಗ್ಗಿ ಬಿಗಿಯುತ್ತದೆ, ಅದನ್ನು ಸರಿದೂಗಿಸಲು ಕುದುರೆಯನ್ನು ಚೂರು ಹಿಂದೆ ಸರಿಸಬೇಕು, ಎಷ್ಟೆಂದು ಆಯಾ ತಂತಿಯೇ ಹೇಳಬೇಕು ಎಂದು ವಿವರಿಸಿದ. ಸ್ಕ್ರೂ ಎರಡನ್ನೂ ಕಿತ್ತು ಸರಿಸಿದರೆ ಆಯಿತು, ಒಂದು ಚಾಯ್ ಕುಡಿಯುವಷ್ಟರ ಕೆಲಸ. ಸ್ಕ್ರೂಡ್ರೈವರನ್ನು ಕೈಗೂ ತೆಗೆದುಕೊಂಡ.

“ಬೇಡ” ಎಂದರು ಸೀತಾಲಕ್ಷ್ಮಿ.

ಪ್ರತಿ ಭಾನುವಾರ ರಾಯರು ಅದನ್ನು ಬಟ್ಟೆಯಿಂದ ಒರೆಸಿ, ಅಳತೆ ನೋಡಿ, ಪೆಟ್ಟಿಗೆಗೆ ಇಡುತ್ತಿದ್ದರು. ಒಂದು ನೂಲು ಸರಿದರೂ ಗೊತ್ತಾಗುತ್ತದೆ. ಅದೂ ಜಿಯಾವುಲ್ಲಾನ ಕೈಯಲ್ಲಿ ಸರಿದದ್ದೆಂದು ತಿಳಿದರೆ? ಪಟ್ಟಿಯಲ್ಲಿ ಹೆಸರು ಬಂದ ಮನುಷ್ಯನಿಗೆ ಉಳಿದಿದ್ದದ್ದು ಆ ಒಂದು ಹಾರ. ಅದನ್ನೂ ಕಿತ್ತುಕೊಳ್ಳುವ ಧೈರ್ಯ ಆಕೆಗೆ ಬರಲಿಲ್ಲ. ಮಗಳಿಗೆ ಇನ್ನೂ ವಯಸ್ಸಿದೆ, ಹೇಗೋ ಬೆರಳಲ್ಲೇ ಸಂಭಾಳಿಸುತ್ತಾಳೆ, ಆಗದಿದ್ದರೆ ಇನ್ನೊಂದು ಆಡಿಷನ್ ಬರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

“ಬೆರಳಲ್ಲಿ ಆಗಲ್ಲಮ್ಮಾ” ಎಂದ ಜಿಯಾವುಲ್ಲಾ. “ಎಳದ್ರೆ ಸ್ವರ ಮೇಲೆ ಹೋಗತ್ತೆ. ಕೆಳಗೆ ತರಕ್ಕೆ ಯಾವ ಉಸ್ತಾದ್ ಕೈಲೂ ಆಗಲ್ಲ.”

ಸಂಹಿತಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಸೀತಾಲಕ್ಷ್ಮಿ ವಾದ್ಯಕ್ಕೆ ಮತ್ತೆ ಸೀರೆ ಸುತ್ತಿದರು. ಮನೆಯ ಹತ್ತಿರ ಬಂದಾಗ, ಅಪ್ಪನಿಗೆ ಹೇಳಬೇಡ ಎಂದು ಮಾತ್ರ ತಾಯಿ ಹೇಳಿದರು.

ಬೇರೆ ವಾದ್ಯ ಕೇಳುವ ಹಾಗಿಲ್ಲ, ಕೇಳಿದರೆ ಅಪ್ಪನಿಗೆ ತಿಳಿಯುತ್ತದೆ. ಹುಡುಗಿ ಹಟಕ್ಕೆ ಬಿದ್ದಳು. ಮೇಲಿನ ಪ್ರತಿ ಸ್ವರಕ್ಕೂ ಒಂದು ಮೆಟ್ಟಿಲು ಕೆಳಗೆ ಒತ್ತಿ, ಅಲ್ಲಿಂದ ತಂತಿ ಎಳೆದು ಸರಿಯಾದ ಶ್ರುತಿಗೆ ತಲುಪುವ ಉಪಾಯ ಹುಡುಕಿಕೊಂಡಳು. ಬೆರಳ ತುದಿಯ ಚರ್ಮ ಕಿತ್ತುಬಂತು. ನಿಧಾನದಲ್ಲಿ ಹೊಂದುತ್ತಿತ್ತು, ವೇಗ ಹೆಚ್ಚಿಸಿದರೆ ಜಾರುತ್ತಿತ್ತು. ಆಡಿಷನ್ನಿನಲ್ಲಿ ಆದದ್ದೂ ಅದೇ. ಆಲಾಪನೆ ಮುಗಿಸಿದಳು, ಕೀರ್ತನೆಯನ್ನೂ ನಿಭಾಯಿಸಿದಳು. ಸ್ವರಪ್ರಸ್ತಾರದ ಕೊನೆಯ ವೇಗದ ಆವರ್ತಗಳಲ್ಲಿ ಒಂದಾದ ಮೇಲೊಂದು ಅಪಸ್ವರ. ತಿಂಗಳ ಮೇಲೆ, ಆಯ್ಕೆಯಾಗಿಲ್ಲ ಎಂದು ಕಾಗದ ಬಂತು.

ಅಂದು ಊಟಕ್ಕೆ ಕುಳಿತಾಗ ರಾಯರು ಕೋಪಿಸಿಕೊಳ್ಳಲಿಲ್ಲ. ಅದೇ ಇನ್ನೂ ಕೆಟ್ಟದಾಗಿತ್ತು. ವಾದ್ಯದಲ್ಲಿ ಕುಂದಿಲ್ಲದಿದ್ದ ಮೇಲೆ ಕುಂದು ಎಲ್ಲಿದೆಯೆಂದು ಹುಡುಕಿಕೊಳ್ಳಬೇಕು ಮಗಳೇ ಎಂದು ಬುದ್ಧಿ ಹೇಳಿದರು. ಆಮೇಲೆ ಹೆಂಡತಿಯತ್ತ ತಿರುಗಿದರು.

“ಏನಂತೀಯೆ ಸೀತಾ? ನೀನೂ ದಿನಾ ಕೇಳ್ತಿದ್ಯಲ್ಲ.”

ಸಂಹಿತಾ ಕಲಸಿದ ಅನ್ನವನ್ನು ಹಾಗೇ ಬಿಟ್ಟು ತಲೆಯೆತ್ತಿದಳು.

“ಇನ್ನೂ ಸ್ವಲ್ಪ ಅಭ್ಯಾಸ ಬೇಕಿತ್ತು” ಎಂದರು ಸೀತಾಲಕ್ಷ್ಮಿ, ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ.

ಹುಡುಗಿ ಅಳಲಿಲ್ಲ. ಊಟ ಮುಗಿಸಿ ತಟ್ಟೆ ತೊಳೆದಿಟ್ಟಳು. ಮರುದಿನದಿಂದ ಮ್ಯಾಂಡೊಲಿನ್ ಮುಟ್ಟಲಿಲ್ಲ. ಮೇಷ್ಟ್ರು ಮನೆಗೇ ಬಂದು ಕರೆದರು, ಓದು ಜಾಸ್ತಿ ಇದೆ ಎಂದಳು. ಆರು ತಿಂಗಳಲ್ಲಿ ರಾಯರಿಗೂ ನಿವೃತ್ತಿ ಕೊಟ್ಟು ಶಾಲು ಹೊದಿಸಿ ಕಳಿಸಿದರು. ಗಂಡನ ಯಾವ ಮರ್ಯಾದೆಗಾಗಿ ತಾಯಿ ಮಗಳ ಕೈ ಕಟ್ಟಿಹಾಕಿದ್ದರೋ ಅದನ್ನು ಕಾರ್ಖಾನೆ ಒಂದು ಮಧ್ಯಾಹ್ನದಲ್ಲಿ ಗುಡಿಸಿಹಾಕಿತು. ಆಗಲಾದರೂ ಸೀತಾಲಕ್ಷ್ಮಿ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೆಲಸ ಹೋದವರಿಗೆ ಈ ಮಾತೂ ಯಾಕೆ ಎಂದುಕೊಂಡರು. ಆಮೇಲೆ ರಾಯರಿಗೆ ಸಕ್ಕರೆ ಕಾಯಿಲೆ ಬಂತು, ಕಾಯಿಲೆಯವರಿಗೆ ಯಾಕೆ ಎಂದುಕೊಂಡರು. ಸುಮ್ಮನಿರುವುದಕ್ಕೆ ಕಾರಣ ಬೇಕೆಂದರೆ ಮನೆಯಲ್ಲಿ ಎಂದೂ ಬರಗಾಲವಿರುವುದಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ರಾಯರು ತೀರಿಕೊಂಡರು. ಸಂಹಿತಾ ಮದುವೆಯಾಗಿ, ವಿಮಾ ಕಚೇರಿಯಲ್ಲಿ ಕೆಲಸ ಮಾಡಿಕೊಂಡು ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿದ್ದಳು. ವರ್ಷದ ಕಾರ್ಯ ಮುಗಿದ ವಾರ ಸೀತಾಲಕ್ಷ್ಮಿ ಆ ವಾದ್ಯ ಹೊತ್ತು ಶಿವಾಜಿನಗರಕ್ಕೆ ಹೋದರು. ಕನ್ನಡಕ ಹಾಕಿಕೊಂಡ ಜಿಯಾವುಲ್ಲಾ ಏನೂ ಕೇಳದೆ ಸ್ಕ್ರೂ ತೆಗೆದ, ಸ್ಟೀಲಿನ ತುಂಡನ್ನು ಪಕ್ಕಕ್ಕಿಟ್ಟ, ಮರದ ಕುದುರೆ ನಿಲ್ಲಿಸಿ ತಂತಿ ಬಿಗಿದ, ಹೆಬ್ಬೆರಳಿನಿಂದ ಚೂರು ತಳ್ಳಿದ. ಸೀತಾಲಕ್ಷ್ಮಿಗೆ ತರಿಸಿಕೊಟ್ಟಿದ್ದ ಚಹಾ ಇನ್ನೂ ಬಿಸಿಯಾಗಿತ್ತು.

ಅಲ್ಲಿಂದ ನೇರ ಹೊರಮಾವಿಗೆ ಹೋದರು. ಸಂಹಿತಾ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳುಗಳು ಪೆಡಸಾಗಿದ್ದವು, ಆದರೆ ಜಾಗ ಮರೆತಿರಲಿಲ್ಲ. ಕೆಳಗಿನಿಂದ ಒಂದೊಂದೇ ಸ್ವರ ಹತ್ತಿದಳು. ಮೇಲಿನ ಷಡ್ಜ ಬಂತು, ಶುದ್ಧವಾಗಿ. ಸೀತಾಲಕ್ಷ್ಮಿ ಮಗಳ ಮುಖ ಅರಳುವುದನ್ನು ಕಾಯುತ್ತ ಕುಳಿತರು.

“ಅಪ್ಪ ಹೋದ್ಮೇಲೆ ನೀನು ಸರಿ ಮಾಡಿಸ್ದೆ” ಎಂದಳು ಸಂಹಿತಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಅಪ್ಪಂಗೆ ನೋವಾಗ್ಬಾರ್ದು ಅಂತ ಅಷ್ಟು ವರ್ಷ ಕಾದೆ. ಆ ಮನೇಲಿ ಆಗ ನಾನೂ ಇದ್ದೆ ಅಲ್ವಾಮ್ಮ?”

ಸೀತಾಲಕ್ಷ್ಮಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು. ಸಂಹಿತಾ ಮ್ಯಾಂಡೊಲಿನ್ನನ್ನು ತಾಯಿಯ ಮಡಿಲಿಗೆ ಇಟ್ಟು, ಕುಕ್ಕರ್ ಇಡಲು ಒಳಗೆ ಹೋದಳು.